ಕೋಪವನ್ನು ನುಂಗಬೇಕೋ, ಕಕ್ಕಬೇಕೋ? ಹತ್ತು ಎಣಿಸುವ ಮೊದಲೇ ಮಾತು ಜಾರಿರುತ್ತದೆ

ಕಿರುದೋಣಿ:
ಮೂರು ದಿನದಿಂದ ಬರೆಯಲು ಕುಳಿತು ಅಳಿಸುತ್ತಿದ್ದೇನೆ. ಇವತ್ತು ಬರೆದೇಬಿಡುತ್ತೇನೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಕಳೆದ ವಾರ ನಾನು ರಾತ್ರಿಯೆಲ್ಲ ಕುಳಿತು ಸಿದ್ಧಪಡಿಸಿದ್ದ ಕಾಗದಗಳ ಮೇಲೆ ಅವಳ ಕೈ ತಾಗಿ ನೀರಿನ ಲೋಟ ಉರುಳಿತು. ನಾನು ಕೂಗಿದೆ. ಒಳಕೋಣೆಯಲ್ಲಿ ನಿದ್ದೆ ಹೋಗಿದ್ದ ನನ್ನ ತಾಯಿ ಗಾಬರಿಯಿಂದ ಎದ್ದು ಬಂದರು, ಅಷ್ಟು ಜೋರಾಗಿ. ‘ಕಣ್ಣು ಕಾಣುವುದಿಲ್ಲವೇ’ ಎಂದು ಶುರುವಾದದ್ದು ಎಲ್ಲೆಲ್ಲಿಗೋ ಹೋಯಿತು. ಹೊಡೆಯಲಿಲ್ಲ. ಮಕ್ಕಳ ಮೇಲೆ ಕೈ ಮಾಡುವವನಲ್ಲ ಎಂಬ ಹೆಮ್ಮೆ ನನಗೆ ಯಾವಾಗಲೂ ಇತ್ತು. ಮರುದಿನ ಕಪಾಟಿನ ಮೇಲಿನ ಪುಸ್ತಕ ತೆಗೆಯಲು ಕೈ ಎತ್ತಿದೆ. ಪಕ್ಕದಲ್ಲಿ ನಿಂತಿದ್ದ ಅವಳು ತಟ್ಟನೆ ಕಣ್ಣು ಮುಚ್ಚಿ ತಲೆ ತಗ್ಗಿಸಿದಳು.

ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಒಬ್ಬರು ‘ಒಳಗೆ ಇಟ್ಟುಕೊಳ್ಳಬೇಡಿ, ಹೊರಹಾಕಿ’ ಎನ್ನುತ್ತಾರೆ. ಇನ್ನೊಬ್ಬರು ‘ಹತ್ತರವರೆಗೆ ಎಣಿಸಿ’ ಎನ್ನುತ್ತಾರೆ. ಒಂದು ಎನ್ನುವಷ್ಟರಲ್ಲಿ ನನ್ನ ಬಾಯಿ ತೆರೆದಿರುತ್ತದೆ! ಹಳಬರು ಕೋಪದ ಬಗ್ಗೆ ಇಷ್ಟೆಲ್ಲ ಹೇಳಿದ್ದಾರೆ, ಮನಶ್ಶಾಸ್ತ್ರದವರೂ ಹೇಳುತ್ತಾರೆ. ಇವುಗಳಲ್ಲಿ ನಿಜವಾಗಿ ಕೈಹಿಡಿಯುವುದು ಯಾವುದು? ಅನುಭವ ಇದ್ದವರು ದಯವಿಟ್ಟು ಹೇಳಿ.

ಹೊಸ್ತಿಲು:
ಒಳಗೆ ತುಂಬಿಟ್ಟುಕೊಂಡರೆ ಒಂದು ದಿನ ಕುಕ್ಕರ್‌ನಂತೆ ಸಿಡಿಯುತ್ತದೆ. ಬಾಗಿಲು ಹಾಕಿಕೊಂಡು ದಿಂಬಿಗೆ ನಾಲ್ಕು ಗುದ್ದು ಕೊಡಿ. ನಾನು ವರ್ಷಗಳಿಂದ ಮಾಡುತ್ತಿದ್ದೇನೆ, ಮನಸ್ಸು ಹಗುರಾಗುತ್ತದೆ.

ಅಳತೆಗೋಲು:
ದಯವಿಟ್ಟು ದಿಂಬಿನ ಉಪಾಯ ಬೇಡ. ನಾನು ಮನಶ್ಶಾಸ್ತ್ರ ಪಾಠ ಮಾಡುವವನು, ಪ್ರತಿ ವರ್ಷ ತರಗತಿಯಲ್ಲಿ ಈ ನಂಬಿಕೆಯೊಂದಿಗೆ ಗುದ್ದಾಡುತ್ತೇನೆ. ಕೋಪವೆಂದರೆ ಪಾತ್ರೆಯೊಳಗಿನ ಆವಿ, ತೂತು ಮಾಡಿದರೆ ಹೋಗುತ್ತದೆ ಎಂಬ ಚಿತ್ರ ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಬರೆದ ಕಾಲದಿಂದಲೂ ಜನರ ತಲೆಯಲ್ಲಿ ಕುಳಿತಿದೆ. ಪರೀಕ್ಷಿಸಿ ನೋಡಿದಾಗ ಅದು ನಿಲ್ಲಲಿಲ್ಲ.

ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗ ಕೇಳಿ. 600 ವಿದ್ಯಾರ್ಥಿಗಳು. ಅವರು ಬರೆದ ಪ್ರಬಂಧವನ್ನು ಯಾರೋ ಒಬ್ಬರು ಕಟುವಾಗಿ ಹೀಯಾಳಿಸಿದಂತೆ ಮಾಡಿ ಮೊದಲು ಕೋಪ ಬರಿಸಿದರು. ಒಂದು ಗುಂಪು ಹೀಯಾಳಿಸಿದವರನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿತು. ಇನ್ನೊಂದು ಗುಂಪು ವ್ಯಾಯಾಮವೆಂದುಕೊಂಡು ಗುದ್ದಿತು. ಮೂರನೆಯ ಗುಂಪು ಏನೂ ಮಾಡದೆ ಸುಮ್ಮನೆ ಕುಳಿತಿತು. ಆಮೇಲೆ ಅಳೆದು ನೋಡಿದರೆ, ನೆನೆನೆನೆದು ಗುದ್ದಿದವರಲ್ಲೇ ಕೋಪ ಎಲ್ಲರಿಗಿಂತ ಹೆಚ್ಚು, ಸೇಡಿನ ವರ್ತನೆಯೂ ಹೆಚ್ಚು. ಸುಮ್ಮನೆ ಕುಳಿತವರಲ್ಲಿ ಸೇಡು ಎಲ್ಲರಿಗಿಂತ ಕಡಿಮೆ.

2024ರಲ್ಲಿ ಅದೇ ಬುಶ್‌ಮನ್ ಮತ್ತು ಸೋಫಿ ಶೆರ್‌ವಿಕ್ 154 ಅಧ್ಯಯನಗಳನ್ನು, ಒಟ್ಟು 10,189 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಮೈಯ ಬಿಸಿಯನ್ನು ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರು, ಧ್ಯಾನ, ಸ್ನಾಯುಗಳನ್ನು ಸಡಿಲಿಸುವುದು, ಕೋಪವನ್ನು ಇಳಿಸಿದವು. ಮೈಯ ಬಿಸಿ ಏರಿಸುವ ಕೆಲಸಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಓಡುವುದು ಹೃದಯಕ್ಕೆ ಒಳ್ಳೆಯದು, ಆದರೆ ಉರಿಯುತ್ತಿರುವ ಆ ಗಳಿಗೆಗೆ ಅದು ಮದ್ದಲ್ಲ.

ಹೊಸ್ತಿಲು:
ಆದರೆ ನನಗೆ ಹಗುರಾಗುವುದು ನಿಜವಲ್ಲವೇ? ನನ್ನ ಅನುಭವ ಸುಳ್ಳು ಎಂದು ನೀವು ಹೇಗೆ ಹೇಳುತ್ತೀರಿ?

ಅಳತೆಗೋಲು:
ಸುಳ್ಳಲ್ಲ. ಹಿತವಾಗುತ್ತದೆ, ಆದ್ದರಿಂದಲೇ ಅಪಾಯ. ಗುದ್ದಿದಾಗ ಹಿತವಾದರೆ ಮುಂದಿನ ಸಲ ಕೋಪ ಬಂದಾಗ ಕೈ ತಾನಾಗಿಯೇ ಗುದ್ದಲು ಹುಡುಕುತ್ತದೆ. ದಿನವೂ ಮಾಡಿದ್ದು ರೂಢಿಯಾಗುತ್ತದೆ. ದಿಂಬು ಪಕ್ಕದಲ್ಲಿ ಇಲ್ಲದ ದಿನ?

ತಾಳೆಗರಿ:
ಕಿರುದೋಣಿಯವರೇ, ‘ಒಂದು ಎನ್ನುವಷ್ಟರಲ್ಲಿ ಬಾಯಿ ತೆರೆದಿರುತ್ತದೆ’ ಎಂದಿರಲ್ಲ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ತತ್ತ್ವಜ್ಞಾನಿ ಸೆನೆಕ ಅದನ್ನೇ ಬಿಡಿಸಿ ನೋಡಿದ್ದಾನೆ. ಕೋಪದ ಬಗ್ಗೆಯೇ ಮೂರು ಭಾಗಗಳ ಕೃತಿ ಬರೆದು ಅಣ್ಣ ನೊವಾಟಸ್‌ಗೆ ಅರ್ಪಿಸಿದವನು ಅವನು. ಅವನ ಪ್ರಕಾರ ಕೋಪಕ್ಕೆ ಮೂರು ಚಲನೆಗಳು. ಮೊದಲನೆಯದು ನಮ್ಮ ಕೈಯಲ್ಲಿಲ್ಲ: ತಣ್ಣೀರು ಎರಚಿದರೆ ಮೈ ನಡುಗಿದಂತೆ ಎದೆ ಧಗ್ಗೆನ್ನುತ್ತದೆ. ಎರಡನೆಯದರಲ್ಲಿ ಮನಸ್ಸು ‘ನನಗೆ ಅನ್ಯಾಯವಾಯಿತು, ತಿರುಗಿಸಿ ಕೊಡಬೇಕು’ ಎಂಬ ಮಾತಿಗೆ ಒಪ್ಪಿಗೆ ಕೊಡುತ್ತದೆ. ಮೂರನೆಯದರಲ್ಲಿ ಹಿಡಿತವೇ ತಪ್ಪಿಹೋಗಿರುತ್ತದೆ. ಮೊದಲನೆಯದಕ್ಕೆ ನಾಚಬೇಕಾದ್ದಿಲ್ಲ. ಕೆಲಸ ಇರುವುದು ಎರಡನೆಯದರಲ್ಲಿ, ಒಪ್ಪಿಗೆ ಕೊಡುವ ಆ ಸಣ್ಣ ಬಿರುಕಿನಲ್ಲಿ.

ಆ ಬಿರುಕನ್ನು ಅಗಲ ಮಾಡಲು ಅವನು ಹೇಳುವ ದೊಡ್ಡ ಮದ್ದು ತಡಮಾಡುವುದು. ಪ್ಲೇಟೋನ ಕಥೆಯನ್ನೂ ಹೇಳುತ್ತಾನೆ. ಆಳಿನ ಮೇಲೆ ಕೋಪಗೊಂಡು ಹೊಡೆಯಲು ಎತ್ತಿದ ಕೈಯನ್ನು ಪ್ಲೇಟೋ ಹಾಗೆಯೇ ಮೇಲೆ ಹಿಡಿದು ನಿಂತಿದ್ದನಂತೆ. ಒಳಗೆ ಬಂದ ಗೆಳೆಯ ಏನು ಮಾಡುತ್ತಿದ್ದೀ ಎಂದು ಕೇಳಿದರೆ, ‘ಕೋಪಿಷ್ಠನೊಬ್ಬನನ್ನು ಶಿಕ್ಷಿಸುತ್ತಿದ್ದೇನೆ’ ಎಂದನಂತೆ.

ಗೀತೆಯ ಐದನೆಯ ಅಧ್ಯಾಯದಲ್ಲಿ ಇನ್ನೂ ನಿಖರವಾದ ಶಬ್ದವಿದೆ: ‘ಕಾಮಕ್ರೋಧೋದ್ಭವಂ ವೇಗಂ’. ವೇಗ! ಕೋಪ ಹುಟ್ಟುವುದೇ ಇಲ್ಲ ಎಂದು ಅಲ್ಲಿ ಹೇಳಿಲ್ಲ. ಹುಟ್ಟಿದ ವೇಗವನ್ನು ತಾಳಿಕೊಳ್ಳಬಲ್ಲವನು ಸುಖಿ ಎಂದಿದೆ.

ಎದುರುವಾದಿ:
ಸೆನೆಕ ಯಾರ ಗುರು ಎಂಬುದನ್ನೂ ಹೇಳಿಬಿಡಿ. ರೋಮಿನ ಕ್ರೂರ ಚಕ್ರವರ್ತಿ ನೀರೋನ ಗುರು. ಕ್ರಿ.ಶ. 65ರಲ್ಲಿ ಅದೇ ಶಿಷ್ಯನ ಆಜ್ಞೆಯಂತೆ ತನ್ನ ಪ್ರಾಣ ತಾನೇ ಕಳೆದುಕೊಳ್ಳಬೇಕಾಯಿತು. ಶಾಂತಿಯ ಪಾಠ ಅಷ್ಟರಮಟ್ಟಿಗೆ ಫಲಿಸಿತು. ಇನ್ನೊಂದು ಮಾತು: ಪ್ಲೇಟೋನ ಕೈ ಎತ್ತಿದ್ದು ಎಲ್ಲರಿಗೂ ನೆನಪಿದೆ. ಆ ಆಳಿಗೂ ಕೋಪ ಬಂದಿರಬಹುದಲ್ಲವೇ? ಅವನು ಕೈ ಎತ್ತುವ ಹಾಗಿತ್ತೇ? ಬಡವನ ಕೋಪ ದವಡೆಗೆ ಮೂಲ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಕೋಪ ಬಿಡಿ ಎಂಬ ಉಪದೇಶ ಯಾವಾಗಲೂ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ.

ತಾಳೆಗರಿ:
ಶಿಷ್ಯ ಕೆಟ್ಟವನಾದರೆ ಪಾಠ ಸುಳ್ಳಾಗುತ್ತದೆಯೇ? ಆದರೆ ಆಳಿನ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನ್ನಲ್ಲಿ ಚುಟುಕು ಉತ್ತರವಿಲ್ಲ.

ನೆರಳುಮರ:
ಎದುರುವಾದಿಯವರ ಮಾತಿಗೆ ನನ್ನ ಬದುಕೇ ಸಾಕ್ಷಿ. ನಾನು ಇಪ್ಪತ್ತು ವರ್ಷ ಕೋಪವನ್ನು ನುಂಗಿದವಳು. ಮನೆಯಲ್ಲಿ ಎಲ್ಲರೂ ‘ಎಷ್ಟು ಸಮಾಧಾನದ ಹೆಣ್ಣು’ ಎಂದು ಹೊಗಳುತ್ತಿದ್ದರು. ನನ್ನನ್ನು ಕೇಳದೆ ನನ್ನ ಬಗ್ಗೆ ತೀರ್ಮಾನಗಳಾಗುತ್ತಿದ್ದವು, ನಾನು ನಗುತ್ತಿದ್ದೆ. ರಾತ್ರಿ ಹಲ್ಲು ಕಚ್ಚಿ ಮಲಗಿ ಬೆಳಗ್ಗೆ ದವಡೆ ನೋಯುತ್ತಿತ್ತು. ಕೊನೆಗೊಂದು ದಿನ, ಯಾವುದೋ ಸಣ್ಣ ಮಾತಿಗೆ, ಇಪ್ಪತ್ತು ವರ್ಷದ ಲೆಕ್ಕವೆಲ್ಲ ಒಟ್ಟಿಗೆ ಹೊರಬಂತು. ಯಾರಿಗೂ ಅರ್ಥವಾಗಲಿಲ್ಲ. ‘ಇಷ್ಟಕ್ಕೇ ಇಷ್ಟೊಂದು?’ ಎಂದರು.

ಆದ್ದರಿಂದ ಕೋಪವೇ ಕೆಟ್ಟದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅರಿಸ್ಟಾಟಲ್ ಸರಿಯಾಗಿ ಹೇಳಿದ್ದಾನೆ: ತಕ್ಕ ವಿಷಯಕ್ಕೆ, ತಕ್ಕವರ ಮೇಲೆ, ತಕ್ಕ ರೀತಿಯಲ್ಲಿ, ತಕ್ಕ ಹೊತ್ತಿನಲ್ಲಿ ಕೋಪಗೊಳ್ಳುವವನು ಹೊಗಳಿಕೆಗೆ ಅರ್ಹ. ಕೋಪಗೊಳ್ಳಬೇಕಾದಲ್ಲಿ ಕೋಪಗೊಳ್ಳದವನು ಅವನ ಕಣ್ಣಿಗೆ ದಡ್ಡನಂತೆ ಕಾಣುತ್ತಾನೆ. ವನಪರ್ವದ ದ್ರೌಪದಿಯನ್ನು ನೆನಪಿಸಿಕೊಳ್ಳಿ. ಧರ್ಮರಾಯ ಕ್ಷಮೆಯ ಮಹಿಮೆ ಹೇಳಿದರೆ, ಅವಳು ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ಮಾತನ್ನೇ ಎತ್ತುತ್ತಾಳೆ: ಸದಾ ತೇಜಸ್ಸೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ. ಯಾವಾಗಲೂ ಕ್ಷಮಿಸುವವನನ್ನು ಅವನ ಆಳುಗಳೂ ಲೆಕ್ಕಕ್ಕಿಡುವುದಿಲ್ಲ.

ಬಿಡಿಹೂವು:
ನೆರಳುಮರ ಅವರೇ, ‘ಇಷ್ಟಕ್ಕೇ ಇಷ್ಟೊಂದು’ ಎಂಬ ಮಾತು ಓದಿ ಕಣ್ಣು ಒದ್ದೆಯಾಯಿತು. ನಮ್ಮ ಮನೆಯಲ್ಲೂ ಅದೇ ಮಾತು.

ಅಳತೆಗೋಲು:
ನೆರಳುಮರ ಅವರು ಹೇಳಿದ್ದಕ್ಕೆ ಪ್ರಯೋಗದ ಬೆಂಬಲ ಇದೆ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್‌ಸನ್ 1993ರಲ್ಲಿ ಜನರಿಗೆ ಅಸಹ್ಯ ಹುಟ್ಟಿಸುವ ದೃಶ್ಯ ತೋರಿಸಿ, ಕೆಲವರಿಗೆ ‘ಮುಖದಲ್ಲಿ ಏನೂ ಕಾಣಬಾರದು’ ಎಂದರು. ಅವರ ಮುಖ ಶಾಂತವಾಗಿತ್ತು, ಒಳಗಿನ ಭಾವ ಕಡಿಮೆಯಾಗಿರಲಿಲ್ಲ, ಮೈಯೊಳಗಿನ ಒತ್ತಡದ ಕೆಲವು ಲಕ್ಷಣಗಳು ಏರಿದ್ದವು. ನುಂಗಿದ್ದು ಕರಗುವುದಿಲ್ಲ.

ಆದರೆ ಇಲ್ಲಿ ಒಂದು ಗೊಂದಲ ಇದೆ. ನುಂಗುವುದು ಬೇರೆ, ತಡಮಾಡುವುದು ಬೇರೆ. ನುಂಗುವವರು ‘ನನಗೆ ಕೋಪವೇ ಇಲ್ಲ’ ಎಂದು ಮುಖ ತಿರುಗಿಸುತ್ತಾರೆ. ತಡಮಾಡುವವರು ‘ನನಗೆ ಕೋಪ ಬಂದಿದೆ, ಈಗ ಮಾತು ಬೇಡ, ಆಮೇಲೆ ಖಂಡಿತ ಆಡುತ್ತೇನೆ’ ಎನ್ನುತ್ತಾರೆ. ಸ್ಪೀಲ್‌ಬರ್ಗರ್ 1988ರಲ್ಲಿ ಪ್ರಕಟಿಸಿದ ಕೋಪದ ಅಳತೆಪಟ್ಟಿಯೂ ಒಳಗಿಡುವುದು, ಹೊರಹಾಕುವುದು, ಹಿಡಿತದಲ್ಲಿಡುವುದು ಎಂದು ಮೂರನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಕಿರುದೋಣಿಯವರ ಪ್ರಶ್ನೆಯಲ್ಲಿ ನುಂಗುವುದು, ಕಕ್ಕುವುದು ಎರಡೇ ದಾರಿಗಳಿದ್ದವು. ಮೂರನೆಯದು ಇದೆ.

ಮೂರನೇ ಬೆಂಚು:
ಕೋಪ ಎಂದರೆ ಇನ್ನೊಬ್ಬರ ಮೇಲೆ ಎಸೆಯಲು ಕೆಂಡವನ್ನು ಕೈಯಲ್ಲಿ ಹಿಡಿದಂತೆ, ಮೊದಲು ಸುಡುವುದು ನಮ್ಮ ಕೈಯೇ ಎಂದು ಬುದ್ಧ ಹೇಳಿದ್ದಾನೆ. ನನ್ನ ಓದುವ ಮೇಜಿನ ಎದುರು ಬರೆದು ಅಂಟಿಸಿದ್ದೇನೆ.

ತಾಳೆಗರಿ:
ಮಾತು ಚೆನ್ನಾಗಿದೆ, ಅಂಟಿಸಿದ್ದನ್ನು ತೆಗೆಯಬೇಡಿ. ಹೆಸರು ಮಾತ್ರ ತಿದ್ದಿಕೊಳ್ಳಿ. ಕೆಂಡದ ಹೋಲಿಕೆ ಇರುವುದು ಐದನೆಯ ಶತಮಾನದ ಬೌದ್ಧ ಪಂಡಿತ ಬುದ್ಧಘೋಷನ ವಿಶುದ್ಧಿಮಾರ್ಗ ಎಂಬ ಗ್ರಂಥದಲ್ಲಿ. ಬುದ್ಧನಿಗೂ ಅವನಿಗೂ ನಡುವೆ ಎಷ್ಟೋ ಶತಮಾನಗಳು.

ಬುದ್ಧನದೇ ಬೇಕೆಂದರೆ ಧಮ್ಮಪದದ 222ನೆಯ ಗಾಥೆ ನೋಡಿ: ದಾರಿ ತಪ್ಪಿ ಓಡುವ ರಥದಂತೆ ಎದ್ದುಬಂದ ಕೋಪವನ್ನು ತಡೆಯಬಲ್ಲವನೇ ಸಾರಥಿ, ಉಳಿದವರು ಬರೀ ಹಗ್ಗ ಹಿಡಿದವರು. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗುವುದು ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮನಿಕಾಯದ ವೇದೇಹಿಕೆಯ ಕಥೆ. ವೇದೇಹಿಕೆ ಎಂಬ ಮನೆಯೊಡತಿ ಊರಿಗೆಲ್ಲ ಸೌಮ್ಯಳೆಂದು ಹೆಸರಾಗಿದ್ದಳು. ಅವಳ ದಾಸಿ ಕಾಳಿಗೆ ಒಂದು ಸಂಶಯ: ಒಡತಿಗೆ ಕೋಪವೇ ಇಲ್ಲವೋ, ನಾನು ಕೆಲಸವನ್ನು ಚೊಕ್ಕವಾಗಿ ಮಾಡುವುದರಿಂದ ಅದು ಹೊರಬರುತ್ತಿಲ್ಲವೋ? ಪರೀಕ್ಷಿಸಲು ಒಂದು ದಿನ ತಡವಾಗಿ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಮರುದಿನ ಇನ್ನೂ ತಡ, ಬೈಗುಳ. ಮೂರನೆಯ ದಿನ ಒಡತಿ ಬಾಗಿಲ ಅಗುಳಿ ಎತ್ತಿ ಕಾಳಿಯ ತಲೆ ಒಡೆದಳು. ನೆತ್ತರು ಸುರಿಯುತ್ತಿದ್ದ ಕಾಳಿ ಹೊರಗೆ ಬಂದು ನೆರೆಹೊರೆಯವರಿಗೆ ಕೂಗಿ ಹೇಳಿದಳು, ‘ನೋಡಿ ಸೌಮ್ಯಳ ಕೆಲಸವನ್ನು!’

ಎದುರುವಾದಿ:
ಕಾಳಿಯ ಕಥೆ ಹೇಳಿದ್ದಕ್ಕೆ ವಂದನೆಗಳು. ಕೊನೆಗೂ ಆಳಿನ ಕಡೆಯಿಂದ ಕಂಡ ಒಂದು ಕಥೆ.

ಹೊಸ್ತಿಲು:
ಹಾಗಾದರೆ ಎಲ್ಲವೂ ನಮಗೆ ಬೇಕಾದಂತೆ ನಡೆಯುತ್ತಿರುವಾಗಿನ ಶಾಂತಿಗೆ ಬೆಲೆಯೇ ಇಲ್ಲವೇ?

ತಾಳೆಗರಿ:
ಬೆಲೆ ಇದೆ, ಆದರೆ ಅದು ಪರೀಕ್ಷೆಗೆ ಕುಳಿತಿಲ್ಲ.

ಕಿಟಕಿ:
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ. ಎಲ್ಲರೂ ‘ಕೋಪ’ ಎಂಬ ಒಂದೇ ಪದವನ್ನು ಹಿಡಿದುಕೊಂಡಿದ್ದೀರಿ. ಕನ್ನಡದಲ್ಲಿ ಎಷ್ಟು ಇವೆ ನೋಡಿ: ಸಿಟ್ಟು, ಮುನಿಸು, ಸೆಡವು, ರೋಷ, ಕ್ರೋಧ, ಆಕ್ರೋಶ, ಹಗೆ, ಕನಲಿಕೆ. ಮುನಿಸಿನಲ್ಲಿ ಪ್ರೀತಿಯ ಎಳೆ ಉಳಿದಿರುತ್ತದೆ, ಪರಕೀಯರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಸೆಡವು ಮಾತು ಬಿಟ್ಟು ಬಿಗಿದುಕೊಳ್ಳುತ್ತದೆ. ರೋಷಕ್ಕೆ ಸ್ವಾಭಿಮಾನದ ಬೆನ್ನೆಲುಬಿದೆ. ಹಗೆ ವರ್ಷಗಟ್ಟಲೆ ಬಾಳುತ್ತದೆ. ನೆರಳುಮರ ಅವರದು ರೋಷ. ಕಿರುದೋಣಿಯವರದು ಸಿಡುಕು. ಎರಡಕ್ಕೂ ಒಂದೇ ಔಷಧ ಹುಡುಕಿದರೆ ಹೇಗೆ?

ಮೂರನೇ ಬೆಂಚು:
ಮುನಿಸಿಗೂ ಋಷಿಮುನಿಗೂ ಸಂಬಂಧ ಇದೆಯೇ? ದೂರ್ವಾಸರ ನೆನಪಾಯಿತು.

ಕಿಟಕಿ:
ಇಲ್ಲ. ತಪಸ್ವಿ ಎಂಬ ಅರ್ಥದ ಮುನಿ ಸಂಸ್ಕೃತದಿಂದ ಬಂದದ್ದು. ಕೋಪಿಸಿಕೊಳ್ಳುವ ಮುನಿ ದ್ರಾವಿಡ ಧಾತು, ತಮಿಳಿನಲ್ಲೂ ಇದೆ. ಉಚ್ಚಾರ ಒಂದೇ, ಮನೆತನ ಬೇರೆ.

ಅಳತೆಗೋಲು:
ಇದು ದಾರಿ ತಪ್ಪಿದ ಮಾತೇ ಅಲ್ಲ! ಭಾವಕ್ಕೆ ಹೆಸರಿಡುವುದೇ ಒಂದು ಮದ್ದು. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮಿದುಳಿನ ಚಿತ್ರ ತೆಗೆದು ತೋರಿಸಿದರು: ಕೋಪದ ಅಥವಾ ಭಯದ ಮುಖ ನೋಡಿ ಆ ಭಾವದ ಹೆಸರನ್ನು ಆರಿಸಿದಾಗ ಮಿದುಳಿನಲ್ಲಿ ಅಪಾಯಕ್ಕೆ ಮೊದಲು ಸ್ಪಂದಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತು, ಹಣೆಯ ಹಿಂದಿನ ಭಾಗದ ಒಂದು ಕಡೆ ಚಟುವಟಿಕೆ ಏರಿತು. ‘ನನಗೆ ಈಗ ಅವಮಾನವಾಗಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದು ಬಾಯಿ ತೆರೆಯುವ ಮುನ್ನ ಮಾಡಬಹುದಾದ ಕೆಲಸ. ಅದಕ್ಕೆ ಹತ್ತು ಎಣಿಸುವಷ್ಟು ಹೊತ್ತೂ ಬೇಡ.

ಬಿಡಿಹೂವು:
ಕಿರುದೋಣಿಯವರೇ, ನನ್ನದೊಂದು ನೇರ ಪ್ರಶ್ನೆ. ಆ ಲೋಟ ಉರುಳುವ ಮೊದಲು ಏನಾಗಿತ್ತು? ರಾತ್ರಿಯೆಲ್ಲ ಎದ್ದಿದ್ದೆ ಎಂದಿರಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ನಿಮ್ಮ ಮಗಳು ಕೊತ್ತಿಯಾದಳೇ?

ಕಿರುದೋಣಿ:
ಈ ಪ್ರಶ್ನೆ ಓದಿ ಅರ್ಧ ಗಂಟೆ ಸುಮ್ಮನೆ ಕುಳಿತೆ.

ಆ ಕಾಗದಗಳನ್ನು ನನ್ನ ಮೇಲಧಿಕಾರಿ ಮೂರು ಸಲ ತಿರುಗಿ ಕಳಿಸಿದ್ದರು. ಮೂರನೆಯ ಸಲ ಎಲ್ಲರ ಎದುರಿಗೆ ‘ಇಷ್ಟು ವರ್ಷ ಏನು ಕಲಿತಿರಿ’ ಎಂದರು. ನಾನು ‘ಸರಿ ಸರ್’ ಎಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಆಡದ ಉತ್ತರಗಳನ್ನು ಮನಸ್ಸಿನಲ್ಲೇ ಆಡುತ್ತಿದ್ದೆ. ರಾತ್ರಿಯೂ. ಮಗಳಿಗೆ ನಾನು ಕೂಗಿದ ಮಾತುಗಳಲ್ಲಿ ಒಂದು ‘ಇಷ್ಟು ವಯಸ್ಸಾಯಿತು, ಏನು ಕಲಿತೆ?’ ಎಂಬುದಿತ್ತು. ಅದು ಯಾರ ಮಾತೆಂದು ಈಗ ಬರೆಯುವಾಗಲೇ ಹೊಳೆಯುತ್ತಿದೆ.

ನೆರಳುಮರ:
ಅಯ್ಯೋ. ಕಂಡುಕೊಂಡಿರಲ್ಲ, ಅದು ದೊಡ್ಡದು.

ತಾಳೆಗರಿ:
ಇಲ್ಲಿ ಅರಿಸ್ಟಾಟಲ್‌ನ ಇನ್ನೊಂದು ಮಾತು ಕೆಲಸಕ್ಕೆ ಬರುತ್ತದೆ. ಭಾಷಣಕಲೆಯ ಬಗೆಗಿನ ಕೃತಿಯ ಎರಡನೆಯ ಭಾಗದಲ್ಲಿ ಅವನು ಕೋಪವನ್ನು ಹೀಗೆ ವಿವರಿಸುತ್ತಾನೆ: ನಮ್ಮನ್ನಾಗಲಿ ನಮ್ಮವರನ್ನಾಗಲಿ ಯಾರೋ ತಕ್ಕುದಲ್ಲದ ರೀತಿಯಲ್ಲಿ ಕಡೆಗಣಿಸಿದರು ಎಂದು ತೋರಿದಾಗ ಹುಟ್ಟುವ, ನೋವಿನಿಂದ ಕೂಡಿದ, ತೀರಿಸಿಕೊಳ್ಳುವ ಬಯಕೆ. ಅಂದರೆ ಕಡೆಗಣನೆ ಇಲ್ಲದೆ ಕೋಪ ಇಲ್ಲ. ಲೋಟ ಉರುಳುವುದು ಕಡೆಗಣನೆಯಲ್ಲ. ಒಂಬತ್ತು ವರ್ಷದ ಮಗು ನಿಮ್ಮನ್ನು ತುಚ್ಛವಾಗಿ ಕಾಣಲಿಲ್ಲ. ಕಡೆಗಣಿಸಿದವರು ಬೇರೆ ಕೋಣೆಯಲ್ಲಿದ್ದರು, ಬೇರೆ ಹೊತ್ತಿನಲ್ಲಿದ್ದರು. ಕೋಪ ಸುಳ್ಳಾಗಿರಲಿಲ್ಲ, ಅದು ತಪ್ಪು ವಿಳಾಸಕ್ಕೆ ಹೋಯಿತು.

ಅಳತೆಗೋಲು:
ಮೈ ಕೂಡ ಅದೇ ತಪ್ಪು ಮಾಡುತ್ತದೆ. ಡಾಲ್ಫ್ ಜಿಲ್‌ಮನ್ 1970ರ ದಶಕದಿಂದ ತೋರಿಸಿದ್ದು ಇದನ್ನೇ: ಒಂದು ಕಾರಣಕ್ಕೆ ಏರಿದ ಎದೆಬಡಿತ ಪೂರ್ತಿ ಇಳಿಯುವ ಮೊದಲು ಇನ್ನೊಂದು ಕೆಣಕು ಸಿಕ್ಕರೆ, ಹಳೆಯ ಬಿಸಿ ಹೊಸದರ ಮೇಲೆ ಬೀಳುತ್ತದೆ. ಅದು ಹಳೆಯದೆಂದು ನಮಗೆ ಗೊತ್ತಾಗುವುದಿಲ್ಲ. ನೀವು ದಾರಿಯುದ್ದಕ್ಕೂ ಉತ್ತರ ಆಡಿಕೊಂಡಿರಲ್ಲ, ಗುದ್ದುಚೀಲದವರು ಮಾಡಿದ್ದೂ ಅದನ್ನೇ. ಮೆಲುಕು ಹಾಕಿದಷ್ಟೂ ಬಿಸಿ ಆರುವುದಿಲ್ಲ.

ಇನ್ನು ನಂಬಿಕೆಯ ಮಾತು. ಜನರನ್ನು ಕದಡುವುದು ಘಟನೆಗಳಲ್ಲ, ಘಟನೆಗಳ ಬಗೆಗಿನ ತೀರ್ಪುಗಳು ಎಂದವನು ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೆಟಸ್, ದಾಸ್ಯದಲ್ಲಿ ಬದುಕಿದವನು. ಎದುರುವಾದಿಯವರೇ, ಇದನ್ನು ಗಮನಿಸಿ. 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್ ತನ್ನ ಚಿಕಿತ್ಸಾಪದ್ಧತಿಯನ್ನು ಆ ಮಾತಿನ ಮೇಲೆಯೇ ಕಟ್ಟಿದ. ಘಟನೆ, ನಂಬಿಕೆ, ಪರಿಣಾಮ. ನಡುವಿನ ನಂಬಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಕೋಪದಲ್ಲಿ ಆ ನಂಬಿಕೆ ಹೆಚ್ಚಾಗಿ ‘ಬೇಕೇ ಬೇಕು’, ‘ಕೂಡದೇ ಕೂಡದು’ ಎಂಬ ರೂಪದಲ್ಲಿರುತ್ತದೆ.

ಎದುರುವಾದಿ:
ಗಮನಿಸಿದೆ. ಎಪಿಕ್ಟೆಟಸ್‌ನನ್ನು ಗೌರವಿಸುತ್ತೇನೆ. ಆದರೂ ಹೇಳುತ್ತೇನೆ: ಎಲ್ಲರೂ ಕಿರುದೋಣಿಯವರ ನಂಬಿಕೆಯನ್ನು ತಿದ್ದಲು ಹೊರಟಿದ್ದೀರಿ. ಆ ಮೇಲಧಿಕಾರಿಯನ್ನು ಯಾರು ತಿದ್ದುತ್ತಾರೆ? ನಾಲ್ಕು ಜನರ ಎದುರು ಒಬ್ಬನನ್ನು ಹೀಯಾಳಿಸುವುದು ತಪ್ಪು, ಅದು ತಪ್ಪು ತೀರ್ಪಲ್ಲ. ಉಸಿರಾಟ ಕಲಿಸಿ ಜನರನ್ನು ಅದೇ ಕುರ್ಚಿಗೆ ವಾಪಸ್ ಕೂರಿಸುವುದಾದರೆ ನನಗೆ ಆ ಮನಶ್ಶಾಸ್ತ್ರ ಬೇಡ.

ಹಳೆಯ ಗಡಿಯಾರ:
ಇಷ್ಟು ಹೊತ್ತು ಓದುತ್ತಿದ್ದೆ. ನನಗೆ ಎಪ್ಪತ್ತೊಂದು. ನನ್ನ ಕೋಪಕ್ಕೆ ಮನೆಮಂದಿಯೆಲ್ಲ ಹೆದರುತ್ತಿದ್ದ ಕಾಲವಿತ್ತು, ಅದನ್ನು ನಾನು ಗೌರವ ಎಂದುಕೊಂಡಿದ್ದೆ. ಐವತ್ತೆಂಟರಲ್ಲಿ ಹೃದಯಾಘಾತವಾಯಿತು, ಒಂದು ಜಗಳದ ಬೆನ್ನಿಗೇ. ಕೋಪ ಸ್ಫೋಟಿಸಿದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚು ಎಂದು 1995ರ ಒಂದು ಅಧ್ಯಯನ ಹೇಳುತ್ತದೆಂದು ವೈದ್ಯರು ವಿವರಿಸಿದರು. ನನ್ನ ಜಗಳದಿಂದಲೇ ಹಾಗಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಬಸವಣ್ಣನವರ ವಚನ ತಾನಾಗಿ ಬಂತು. ‘ತನಗೆ ಮುನಿವವರಿಗೆ ತಾ ಮುನಿಯಲೇಕಯ್ಯಾ’ ಎಂದು ಶುರುವಾಗುತ್ತದಲ್ಲ, ಅದು. ‘ತನುವಿನ ಕೋಪ ತನ್ನ ಹಿರಿಯತನದ ಕೇಡು, ಮನದ ಕೋಪ ತನ್ನ ಅರಿವಿನ ಕೇಡು.’ ಶಾಲೆಯಲ್ಲಿ ಪೂರ್ತಿ ಅಂಕ ತೆಗೆದಿದ್ದೆ ಇದಕ್ಕೆ. ಮನೆಯೊಳಗಣ ಕಿಚ್ಚು ಮನೆಯ ಸುಟ್ಟಲ್ಲದೆ ನೆರೆಮನೆಯ ಸುಡದು ಎಂಬ ಸಾಲು ಐವತ್ತೆಂಟನೆಯ ವಯಸ್ಸಿಗೆ ಅರ್ಥವಾಯಿತು.

ಕಿರುದೋಣಿ, ನಿಮ್ಮ ಮಗಳು ಕಣ್ಣು ಮುಚ್ಚಿದ್ದನ್ನು ನೀವು ನೋಡಿದಿರಿ. ನನ್ನ ಮಗನೂ ಹಾಗೆ ಮಾಡಿರಬೇಕು, ನಾನು ನೋಡಲಿಲ್ಲ. ಈಗ ಅವನಿಗೆ ನಲವತ್ತು ದಾಟಿದೆ. ಫೋನಿನಲ್ಲಿ ‘ಆರೋಗ್ಯವೇ, ಔಷಧಿ ತೆಗೆದುಕೊಂಡಿರಾ’ ಎನ್ನುತ್ತಾನೆ, ಮೂರನೆಯ ಮಾತಿಲ್ಲ. ನಾನು ಅವನಲ್ಲಿ ಕ್ಷಮೆ ಕೇಳಿಲ್ಲ. ನೀವು ನಾಳೆಗೆ ಬಿಡಬೇಡಿ. ‘ನೀನು ನೀರು ಚೆಲ್ಲಿದ್ದಕ್ಕೆ ಕೂಗಿದೆ’ ಎನ್ನಬೇಡಿ, ಅದು ಕ್ಷಮೆಯಲ್ಲ, ಲೆಕ್ಕ ಒಪ್ಪಿಸುವುದು. ‘ನಾನು ಕೂಗಿದ್ದು ತಪ್ಪು, ನಿನ್ನದೇನೂ ಇಲ್ಲ’ ಎನ್ನಿ. ಅಷ್ಟೇ.

ನೆರಳುಮರ:
ಹಿರಿಯರೇ, ನಿಮ್ಮ ಮಾತು ಎದೆಗೆ ತಾಗಿತು. ಒಂದು ಮಾತು ಮಾತ್ರ ಸೇರಿಸುತ್ತೇನೆ. ಆ ವಚನ ‘ತನಗೆ ಮುನಿವವರ’ ಬಗ್ಗೆ. ನಮ್ಮ ಮೇಲೆ ಸಿಟ್ಟಾದವರಿಗೆ ತಿರುಗಿ ಸಿಟ್ಟಾಗುವುದೇಕೆ ಎಂದು ಕೇಳುತ್ತದೆ. ಅನ್ಯಾಯ ಕಂಡು ಸುಮ್ಮನಿರಿ ಎಂದು ಅಲ್ಲಿ ಎಲ್ಲೂ ಇಲ್ಲ. ಅದನ್ನು ಬರೆದವರ ಬದುಕೂ ಸುಮ್ಮನಿದ್ದವರ ಬದುಕಲ್ಲ.

ಹಳೆಯ ಗಡಿಯಾರ:
ಒಪ್ಪಿದೆ ತಾಯಿ. ನನ್ನದು ಅನ್ಯಾಯದ ಮೇಲಿನ ಕೋಪವಾಗಿರಲಿಲ್ಲ, ಅದಕ್ಕೇ ಆ ಸಾಲು ನನ್ನನ್ನು ಹಿಡಿಯಿತು.

ಮೂರನೇ ಬೆಂಚು:
ಕೋಪ ಬಂದಾಗ ಮೊಬೈಲಿನಲ್ಲಿ ಸಂದೇಶ ಕಳಿಸುವ ಚಟಕ್ಕೆ ಏನಾದರೂ ಉಪಾಯ ಇದೆಯೇ? ಕಳೆದ ತಿಂಗಳು ಹತ್ತು ವರ್ಷದ ಗೆಳೆತನ ಒಂದು ಸಂದೇಶದಲ್ಲಿ ಮುರಿಯಿತು. ಅಳಿಸುವಷ್ಟರಲ್ಲಿ ಅವನು ಓದಿಬಿಟ್ಟಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ನನಗೆ ಈಗ ಗಾದೆಯಾಗಿ ಉಳಿದಿಲ್ಲ.

ಕಿಟಕಿ:
ಬರೆಯಿರಿ, ಕಳಿಸಬೇಡಿ. ಅಬ್ರಹಾಂ ಲಿಂಕನ್ 1863ರ ಜುಲೈನಲ್ಲಿ, ಗೆಟಿಸ್‌ಬರ್ಗ್ ಕದನದ ನಂತರ, ಶತ್ರುಸೇನೆ ತಪ್ಪಿಸಿಕೊಳ್ಳಲು ಬಿಟ್ಟ ದಳಪತಿ ಮೀಡ್‌ಗೆ ಕಟುವಾದ ಪತ್ರ ಬರೆದ. ಆಮೇಲೆ ಲಕೋಟೆಯ ಮೇಲೆ ‘ಕಳಿಸಲಿಲ್ಲ, ಸಹಿ ಮಾಡಲಿಲ್ಲ’ ಎಂಬರ್ಥದ ಟಿಪ್ಪಣಿ ಬರೆದು ಎತ್ತಿಟ್ಟ. ಯುದ್ಧದ ನಡುವಿನ ರಾಷ್ಟ್ರಾಧ್ಯಕ್ಷನೇ ಕಾಯಬಹುದಾದರೆ ನಮ್ಮ ಸಂದೇಶವೂ ಒಂದು ರಾತ್ರಿ ಕಾಯಬಹುದು. ಸಂದೇಶದ ಪೆಟ್ಟಿಗೆಯಲ್ಲಿ ಮಾತ್ರ ಬರೆಯಬೇಡಿ, ಬೆರಳು ಜಾರುತ್ತದೆ. ಕಾಗದದಲ್ಲಿ ಬರೆಯಿರಿ.

ಬಿಡಿಹೂವು:
ಎಲ್ಲ ಸರಿ, ಆದರೆ ಮಗು ಎದುರಿಗೆ ನಿಂತಿರುವಾಗ ಕಾಗದ ಹುಡುಕಲು ಆಗುತ್ತದೆಯೇ? ಆ ಗಳಿಗೆಗೆ ಏನು? ನಾನು ಮಾಡುವುದು ಒಂದೇ, ಕೋಣೆಯಿಂದ ಹೊರಗೆ ಹೋಗಿಬಿಡುತ್ತೇನೆ.

ನೆರಳುಮರ:
ಹಾಗೆ ಎದ್ದು ಹೋಗುವುದು ಮಗುವಿಗೆ ಕೂಗುವುದಕ್ಕಿಂತ ಕಡಿಮೆ ನೋವಲ್ಲ. ನನ್ನ ಅಪ್ಪ ಹಾಗೆ ಹೋಗುತ್ತಿದ್ದರು. ಬಾಗಿಲು ಮುಚ್ಚಿದ ಸದ್ದು ಇಂದಿಗೂ ಕಿವಿಯಲ್ಲಿದೆ. ವಾಪಸ್ ಬರುತ್ತಾರೋ ಇಲ್ಲವೋ ಎಂದು ಕಾಯುತ್ತ ಕುಳಿತಿರುತ್ತಿದ್ದೆ.

ಬಿಡಿಹೂವು:
ಕೂಗುವುದಕ್ಕಿಂತ ಖಂಡಿತ ಮೇಲು! ಕೂಗಿದ ಮಾತು ಉಳಿಯುತ್ತದೆ.

ನೆರಳುಮರ:
ಮುಚ್ಚಿದ ಬಾಗಿಲೂ ಉಳಿಯುತ್ತದೆ. ನಾನು ಉಳಿಸಿಕೊಂಡಿದ್ದೇನೆ.

ಅಳತೆಗೋಲು:
ಇಬ್ಬರ ಮಾತನ್ನೂ ಜೋಡಿಸಬಹುದು. ಹೋಗಿ, ಆದರೆ ಹೇಳಿ ಹೋಗಿ: ‘ನನಗೆ ಕೋಪ ಬಂದಿದೆ, ನಿನ್ನಿಂದಲ್ಲ, ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.’ ಹೇಳಿದಂತೆ ಬನ್ನಿ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಇಂತಹ ಬಿಡುವು ಕನಿಷ್ಠ 20 ನಿಮಿಷ ಇರಲಿ ಎನ್ನುತ್ತಾನೆ, ಮೈ ತಣಿಯಲು ಅಷ್ಟು ಹೊತ್ತು ಬೇಕು. ಹೊರಗೆ ಹೋಗಿ ಮೆಲುಕು ಹಾಕಿದರೆ ಆ 20 ನಿಮಿಷ ವ್ಯರ್ಥ. ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದನ್ನು ಉದ್ದವಾಗಿಸಿ, ಎದೆಬಡಿತ ಇಳಿಯುತ್ತದೆ.

ಇದನ್ನು ಕೋಪ ಇಲ್ಲದ ಹೊತ್ತಿನಲ್ಲೇ ನಿರ್ಧರಿಸಿರಬೇಕು. ಪೀಟರ್ ಗೋಲ್‌ವಿಟ್ಜರ್ ಅಧ್ಯಯನ ಮಾಡಿದ ‘ಹೀಗಾದರೆ ಹೀಗೆ’ ಎಂಬ ಸಂಕಲ್ಪ ಇದೇ. ‘ಇನ್ನು ಮೇಲೆ ಕೋಪ ಮಾಡಿಕೊಳ್ಳುವುದಿಲ್ಲ’ ಎಂಬುದು ಗಾಳಿಗೆ ಹೋಗುತ್ತದೆ. ‘ದವಡೆ ಬಿಗಿಯುವುದು ತಿಳಿದ ಕೂಡಲೇ ಎರಡೂ ಅಂಗಾಲನ್ನು ನೆಲಕ್ಕೆ ಒತ್ತಿ ಉಸಿರು ಬಿಡುತ್ತೇನೆ’ ಎಂಬುದು ಕೈಗೆ ಸಿಗುತ್ತದೆ. ನಿಮ್ಮ ಮೈ ಮೊದಲು ಎಲ್ಲಿ ಸೂಚನೆ ಕೊಡುತ್ತದೆ ಎಂದು ಒಂದು ವಾರ ಗಮನಿಸಿ ಬರೆದಿಡಿ. ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರಿಗೆ ಮುಷ್ಟಿ.

ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಯಾರಿಗಾದರೂ ಕೈ ಮೇಲೆ ಹೋಗುತ್ತಿದ್ದರೆ, ವಸ್ತುಗಳು ಒಡೆಯುತ್ತಿದ್ದರೆ, ಮನೆಯವರು ಹೆದರಿ ಬದುಕುತ್ತಿದ್ದರೆ, ಚರ್ಚೆ ಓದಿ ಸುಮ್ಮನಾಗಬೇಡಿ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಕೋಪಕ್ಕೆಂದೇ ರೂಪಿಸಿದ ಚಿಕಿತ್ಸೆ ರೇಮಂಡ್ ನೊವಾಕೊ 1975ರಲ್ಲಿ ಬರೆದ ಕಾಲದಿಂದಲೂ ಇದೆ. ಹೋಗುವುದರಲ್ಲಿ ನಾಚಿಕೆ ಏನೂ ಇಲ್ಲ.

ತಾಳೆಗರಿ:
ಬರೆದಿಡುವುದಕ್ಕೆ ಹಳೆಯ ಜೊತೆಗಾರನೂ ಇದ್ದಾನೆ. ದೀಪ ಆರಿಸಿ, ಹೆಂಡತಿ ಮೌನವಾದ ಮೇಲೆ ಸೆನೆಕ ಇಡೀ ದಿನವನ್ನು ತನ್ನ ಎದುರಿಗೇ ವಿಚಾರಣೆಗೆ ನಿಲ್ಲಿಸುತ್ತಿದ್ದ. ‘ಅಲ್ಲಿ ಅಗತ್ಯಕ್ಕಿಂತ ಕಟುವಾಗಿ ಮಾತಾಡಿದೆ, ಇನ್ನು ಹಾಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ’ ಎಂದು ತನಗೇ ಹೇಳಿಕೊಳ್ಳುತ್ತಿದ್ದ. ತನ್ನನ್ನು ಕ್ಷಮಿಸಿಕೊಳ್ಳುವುದೂ ಆ ಅಭ್ಯಾಸದೊಳಗೇ ಇದೆ, ಕಿರುದೋಣಿಯವರೇ.

ಕಿರುದೋಣಿ:
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ.

ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಹಿರಿಯರು ಹೇಳಿಕೊಟ್ಟ ಮಾತನ್ನೇ ಹೇಳಿದೆ. ಅವಳು ಬಣ್ಣದ ಪೆನ್ಸಿಲನ್ನು ಕೆಳಗಿಡದೆ ‘ಮತ್ತೆ ನೀರು ಚೆಲ್ಲಿದರೆ?’ ಎಂದು ಕೇಳಿದಳು. ಎಂದೂ ಕೂಗುವುದಿಲ್ಲ ಎಂದು ಮಾತು ಕೊಡಲು ಬಾಯಿ ಬಂತು, ಕೊಡಲಿಲ್ಲ. ‘ಕೋಪ ಬಂದರೆ ಹೇಳಿ ಹೊರಗೆ ಹೋಗಿ ಬರುತ್ತೇನೆ’ ಎಂದೆ. ‘ಎಷ್ಟು ಹೊತ್ತು?’ ಎಂದಳು. ‘ಗಡಿಯಾರದ ದೊಡ್ಡ ಮುಳ್ಳು ನಾಲ್ಕು ಅಂಕಿ ದಾಟುವಷ್ಟು’ ಎಂದೆ. ನಿನ್ನೆ ಒಂದು ಸಲ ಹೋಗಬೇಕಾಯಿತು. ವಾಪಸ್ ಬಂದಾಗ ಅವಳು ಗಡಿಯಾರದ ಕೆಳಗೆ ನಿಂತಿದ್ದಳು. ‘ಎರಡು ನಿಮಿಷ ತಡ’ ಎಂದಳು.

ಕೈ ಎತ್ತಿದಾಗ ಇನ್ನೂ ಕಣ್ಣು ಮುಚ್ಚುತ್ತಾಳೋ ಏನೋ. ಅವಳ ಹತ್ತಿರ ಇರುವಾಗ ಮೇಲಿನ ಕಪಾಟಿಗೆ ಕೈ ಹಾಕಲು ನನಗೇ ಧೈರ್ಯವಾಗಿಲ್ಲ.

ಎದುರುವಾದಿ:
ಸಂತೋಷವಾಯಿತು, ಮನಸಾರೆ ಹೇಳುತ್ತಿದ್ದೇನೆ. ಆದರೆ ನನ್ನ ಪ್ರಶ್ನೆ ಅಲ್ಲೇ ನಿಂತಿದೆ. ಮೇಲಧಿಕಾರಿ?

ಕಿರುದೋಣಿ:
ಅವರಿಗೆ ಹೇಳಬೇಕಾದ್ದನ್ನು ಕಾಗದದಲ್ಲಿ ಬರೆದೆ. ಮೊದಲ ಸಲ ಎರಡು ಪುಟ, ಪೂರ್ತಿ ಬೈಗುಳ, ಹರಿದೆ. ಎರಡನೆಯ ಸಲ ಅರ್ಧ ಪುಟ. ಇವತ್ತು ಬೆಳಗ್ಗೆ ಮೂರು ಸಾಲು ಉಳಿದಿದೆ: ಕೆಲಸದಲ್ಲಿ ತಪ್ಪಿದ್ದರೆ ತೋರಿಸಿ, ತಿದ್ದುತ್ತೇನೆ. ಎಲ್ಲರ ಎದುರು ಹಾಗೆ ಮಾತನಾಡಿದ್ದು ನನಗೆ ನೋವಾಗಿದೆ. ಮುಂದೆ ಹಾಗಾಗಬಾರದು. ಸೋಮವಾರ ಅವರ ಕೋಣೆಗೆ ಹೋಗಿ ಓದದೆ, ಬಾಯಿಯಲ್ಲೇ ಹೇಳಬೇಕೆಂದಿದ್ದೇನೆ. ಈಗಲೇ ಕಿವಿ ಬಿಸಿಯಾಗುತ್ತಿದೆ.

ನೆರಳುಮರ:
ಮೂರನೆಯ ಸಾಲನ್ನು ಮಾತ್ರ ಬಿಡಬೇಡಿ. ನಾನು ಪ್ರತಿ ಸಲ ಬಿಟ್ಟದ್ದು ಅದನ್ನೇ. ಸೋಮವಾರ ಸಂಜೆ ಬರೆಯಿರಿ, ಕಾಯುತ್ತಿರುತ್ತೇನೆ.